ಮಿಕ್ಸ್ ಮುಗಿದ ಮೇಲೆ ಮಾಸ್ಟರಿಂಗ್ ಏತಕ್ಕೆ?

ಪ್ರಶ್ನೆ: ನಾನು ಸುಗಮ ಸಂಗೀತ ಹಾಡುವವಳು. ಎಂಟು ಭಾವಗೀತೆಗಳ ಆಲ್ಬಮ್ ಒಂದನ್ನು ಸಿದ್ಧಪಡಿಸುತ್ತಿದ್ದೇನೆ. ಪರಿಚಿತರ ಮನೆಯ 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯಲ್ಲಿ ರೆಕಾರ್ಡಿಂಗ್, ಮಿಕ್ಸಿಂಗ್ ಎರಡೂ ಮುಗಿದಿವೆ. ಈಗ ಮಾಸ್ಟರಿಂಗ್‌ಗೆಂದು ಇನ್ನೊಬ್ಬರು ಹಾಡೊಂದಕ್ಕೆ 3,000 ರೂಪಾಯಿ ಕೇಳುತ್ತಿದ್ದಾರೆ. ಮಾದರಿಗೆ ಒಂದು ಹಾಡನ್ನು ಮಾಡಿಕೊಟ್ಟಿದ್ದಾರೆ. ಮನೆಯಲ್ಲಿ ಎಲ್ಲರೂ ಅದೇ ಚೆನ್ನಾಗಿದೆ ಎನ್ನುತ್ತಾರೆ, ಆದರೆ ನಾಲ್ಕು ಸಲ ಕೇಳುವಷ್ಟರಲ್ಲಿ ನನ್ನ ಕಿವಿ ದಣಿಯುತ್ತದೆ. ಮಿಕ್ಸಿಂಗ್ ಸರಿಯಾಗಿದ್ದರೂ ಮಾಸ್ಟರಿಂಗ್ ಬೇಕೇ? ಅದರ ನಿಜವಾದ ಉದ್ದೇಶವೇನು? ಎರಡೂ ಫೈಲುಗಳನ್ನು ಕಳುಹಿಸಿದ್ದೇನೆ.

ಉತ್ತರ: ನೀವು ಕಳುಹಿಸಿದ ಮಿಕ್ಸ್ (ದನಿ, ವಾದ್ಯಗಳನ್ನೆಲ್ಲ ಬೆರೆಸಿ ಒಂದಾಗಿಸಿದ ಫೈಲು) ಮತ್ತು ಮಾಸ್ಟರ್ ಎರಡನ್ನೂ ನಿನ್ನೆ ಬೆಳಿಗ್ಗೆ, ಬೇರೆ ಯಾವ ಕೆಲಸಕ್ಕೂ ಕೈಹಾಕುವ ಮೊದಲು, ಕೇಳಿದೆ. ಅಳತೆಯಲ್ಲಿ ನಿಮ್ಮ ಮಿಕ್ಸ್‌ನ ಸರಾಸರಿ ಸದ್ದು ಮೈನಸ್ 20 ಎಲ್‌ಯುಎಫ್‌ಎಸ್ ಇದೆ, ಮಾಸ್ಟರ್‌ನದು ಮೈನಸ್ 8. ಎಲ್‌ಯುಎಫ್‌ಎಸ್ ಎಂಬುದು ಕಿವಿಗೆ ಒಟ್ಟಾರೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂಬುದನ್ನು ತಿಳಿಸುವ ಅಳತೆ. ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಅಂದರೆ ಎರಡು ಫೈಲುಗಳ ನಡುವೆ 12 ಡೆಸಿಬಲ್ ಅಂತರವಿದೆ. ಒಂದೇ ಹಾಡನ್ನು ಒಂದು ಡೆಸಿಬಲ್ ಹೆಚ್ಚಿಸಿ ಕೇಳಿಸಿದರೂ ಬಹುತೇಕರು ಅದನ್ನು ‘ಜೋರಾಗಿದೆ’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತಾರೆ. ಹೀಗಿರುವಾಗ 12 ಡೆಸಿಬಲ್ ಎದುರು ನಿಮ್ಮ ಮನೆಯವರು ಬೇರೆ ತೀರ್ಪು ಕೊಡುವುದು ಸಾಧ್ಯವೇ ಇರಲಿಲ್ಲ.

ಆದ್ದರಿಂದ ಮೊದಲು ಒಂದು ಪರೀಕ್ಷೆ ಮಾಡಿ. ಎರಡೂ ಫೈಲುಗಳನ್ನು ನಿಮ್ಮ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಒಂದರ ಕೆಳಗೊಂದು ಇಟ್ಟು, ಮಾಸ್ಟರ್‌ನ ಫೇಡರನ್ನು, ಅಂದರೆ ಸದ್ದು ಏರಿಳಿಸುವ ಜಾರುಗುಂಡಿಯನ್ನು, 12 ಡೆಸಿಬಲ್ ಕೆಳಗಿಳಿಸಿ, ಬದಲಾಯಿಸಿ ಬದಲಾಯಿಸಿ ಕೇಳಿ. ನಾನು ಹಾಗೆ ಕೇಳಿದಾಗ ಮೂರು ಸಂಗತಿಗಳು ತಕ್ಷಣ ಎದ್ದು ಕಂಡವು. ಮಿಕ್ಸ್‌ನಲ್ಲಿ ತಬಲಾದ ಮೇಲೆ ಬೆರಳು ಬೀಳುವ ಆ ಕ್ಷಣ ಸ್ಪಷ್ಟವಾಗಿದೆ. ಮಾಸ್ಟರ್‌ನಲ್ಲಿ ಪೆಟ್ಟಿನ ಮೊನೆ ಸವೆದು, ಅದರ ಹಿಂದಿನ ನಾದವಷ್ಟೇ ಉಳಿದಿದೆ. ಪಲ್ಲವಿ ಮುಗಿದು ನೀವು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಮಿಕ್ಸ್‌ನಲ್ಲಿ ಹಿಂದೆ ಎಲ್ಲೋ ಇದ್ದ ತಂಬೂರಿ, ಮಾಸ್ಟರ್‌ನಲ್ಲಿ ಯಾರೋ ತಳ್ಳಿದಂತೆ ಮುಂದೆ ಬರುತ್ತದೆ. ನೀವು ಮತ್ತೆ ಹಾಡಲು ತೊಡಗಿದೊಡನೆ ಹಿಂದೆ ಸರಿಯುತ್ತದೆ. ಎರಡನೆಯ ಚರಣದಲ್ಲಿ ಸಕಾರ, ಶಕಾರಗಳು ಒಂದರ ಹಿಂದೊಂದು ಬರುವ ಸಾಲಿನಲ್ಲಿ ಪ್ರತಿ ‘ಸ’ವೂ ಚುಚ್ಚುತ್ತದೆ. ಕಿವಿ ದಣಿಯುತ್ತದೆ ಎಂದು ನೀವು ಬರೆದಿದ್ದಕ್ಕೆ ಕಾರಣ ಈ ಮೂರರಲ್ಲೇ ಇದೆ. ಸದ್ದಿನ ಏರಿಳಿತವನ್ನು ಲಿಮಿಟರ್ (ಮಿತಿ ಮೀರುವ ಸದ್ದನ್ನು ಅದುಮುವ ಸಾಧನ) ಹಾಕಿ ಚಪ್ಪಟೆ ಮಾಡಿದಾಗ ಕಿವಿಗೆ ವಿಶ್ರಾಂತಿಯ ಜಾಗ ಉಳಿಯುವುದಿಲ್ಲ.

ಇದನ್ನು ಓದಿ ಮಾಸ್ಟರಿಂಗೇ ಬೇಡವೆಂಬ ತೀರ್ಮಾನಕ್ಕೆ ಬರಬೇಡಿ. ನಿಮಗೆ ಸಿಕ್ಕಿರುವುದು ಮಾಸ್ಟರಿಂಗ್‌ನ ಒಂದು ಸಣ್ಣ ಭಾಗ, ಅದೂ ಅಳತೆ ಮೀರಿದ್ದು. ಉಳಿದ ಭಾಗ ಏನೆಂದು ತಿಳಿಯಬೇಕಾದರೆ ಈ ಹೆಸರು ಎಲ್ಲಿಂದ ಬಂತೆಂದು ನೋಡುವುದು ಒಳ್ಳೆಯದು.

ಟೇಪ್ ಬರುವುದಕ್ಕೆ ಮುಂಚೆ ಗಾಯಕರು ಹಾಡಿದ್ದು ನೇರವಾಗಿ ಮೇಣದ ತಟ್ಟೆಯ ಮೇಲೆ ಕೊರೆಯಲ್ಪಡುತ್ತಿತ್ತು. ತಿದ್ದುವ ಮಾತೇ ಇರಲಿಲ್ಲ. 1940ರ ದಶಕದ ಕೊನೆಗೆ ಸ್ಟುಡಿಯೋಗಳಿಗೆ ಟೇಪ್ ಬಂತು, 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ಆಗಿನಿಂದ ಟೇಪಿನಲ್ಲಿರುವುದನ್ನು ಲ್ಯಾಕರ್ ತಟ್ಟೆಗೆ ಕೊರೆದು ವರ್ಗಾಯಿಸುವುದು ಒಂದು ಪ್ರತ್ಯೇಕ ಕೆಲಸವಾಯಿತು. ಸಾವಿರಾರು ಪ್ರತಿಗಳಿಗೆ ಮೂಲವಾಗುವ ಆ ತಟ್ಟೆಯೇ ಮಾಸ್ಟರ್, ಅದನ್ನು ಕೊರೆಯುವ ಕೆಲಸವೇ ಮಾಸ್ಟರಿಂಗ್. ಆ ಕೆಲಸದವರ ಮುಖ್ಯ ಚಿಂತೆ ಒಂದೇ ಆಗಿತ್ತು: ಕೊಂಡವರ ಮನೆಯಲ್ಲಿ ಮುಳ್ಳು ಗೆರೆ ಬಿಟ್ಟು ಹಾರಬಾರದು.

ಈ ಚಿಂತೆ ಕೇಳಲು ಚಿಕ್ಕದು, ಅದರೊಳಗೆ ಹೊಕ್ಕರೆ ಇಡೀ ವಿದ್ಯೆಯೇ ಇದೆ. ಮಂದ್ರದ ಸದ್ದು ಹೆಚ್ಚಾದಷ್ಟೂ ಗೆರೆ ಅಗಲಕ್ಕೆ ಓಲಾಡುತ್ತದೆ, ಅದರ ಪಕ್ಕದ ಗೆರೆಗೆ ಜಾಗ ಕಡಿಮೆಯಾಗುತ್ತದೆ. ಹಾಗಾಗಿ ಒಂದು ಬದಿಯಲ್ಲಿ 20 ನಿಮಿಷಕ್ಕಿಂತ ಬಹಳ ಹೆಚ್ಚು ಸಂಗೀತ ಬೇಕೆಂದರೆ ಒಟ್ಟು ಸದ್ದನ್ನೇ ತಗ್ಗಿಸಬೇಕು. ಈ ತೊಡಕಿಗಾಗಿಯೇ ಕೊರೆಯುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಏರಿಸಿ, ನುಡಿಸುವ ಯಂತ್ರದಲ್ಲಿ ಅದನ್ನು ತಿರುಗಿಸಿ ಸರಿಪಡಿಸುವ ಆರ್‌ಐಎಎ ಎಂಬ ಪದ್ಧತಿ 1954ರಿಂದ ಎಲ್ಲ ಕಂಪನಿಗಳಿಗೂ ಸಾಮಾನ್ಯವಾಯಿತು. ಸ್ಟೀರಿಯೋ ತಟ್ಟೆಯಲ್ಲಿ ಎಡ, ಬಲಗಳ ಬೇಸ್ ಒಂದಕ್ಕೊಂದು ವಿರುದ್ಧವಾಗಿ ಚಲಿಸಿದರೆ ಕೊರೆಯುವ ಮೊನೆ ಮೇಲೆ ಕೆಳಗೆ ಏರಿಳಿದು, ಕೆಲವೆಡೆ ಗೆರೆಯ ಆಳವೇ ಇಲ್ಲವಾಗುತ್ತದೆ. ಅದಕ್ಕೆ ಬೇಸನ್ನು ನಡುವಿಗೆ ತರುತ್ತಿದ್ದರು. ಇನ್ನು ‘ಸ’ಕಾರ. ನಿಮಿಷಕ್ಕೆ ಮೂವತ್ತಮೂರೂ ಕಾಲಿಗಿಂತ ತುಸು ಹೆಚ್ಚು ಸುತ್ತು ತಿರುಗುವ 12 ಅಂಗುಲದ ತಟ್ಟೆಯ ಅಂಚಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿಯುತ್ತದೆ, ಒಳಗಿನ ಕೊನೆಯಲ್ಲಿ ಸುಮಾರು 21 ಮಾತ್ರ. ಅಷ್ಟು ಇಕ್ಕಟ್ಟಿನಲ್ಲಿ ಸಕಾರದ ಸೂಕ್ಷ್ಮ ತಿರುವುಗಳನ್ನು ಮುಳ್ಳು ಹಿಂಬಾಲಿಸಲಾರದೆ ಉಗುಳಿದಂತೆ ಕೇಳಿಸುತ್ತದೆ. ಪ್ರತಿ ಬದಿಯ ಕೊನೆಗೆ ಮೆಲುವಾದ ಹಾಡನ್ನು ಇಡುವ ರೂಢಿಗೆ ಭಾವನೆಯ ಕಾರಣ ಎಷ್ಟಿತ್ತೋ ಈ ಕಾರಣವೂ ಅಷ್ಟೇ ಇತ್ತು.

ನೀವು ಎಲ್‌ಪಿ ತರುತ್ತಿಲ್ಲ, ಹಾಗಾಗಿ ಮುಳ್ಳಿನ ಚಿಂತೆ ನಿಮಗಿಲ್ಲ. ಆದರೆ ಆ ಕುಶಲಕರ್ಮಿ ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಇಂದಿಗೂ ಮಾಸ್ಟರಿಂಗ್‌ನ ಪ್ರಶ್ನೆಯೇ ಆಗಿದೆ: ಈ ಕೋಣೆಯಲ್ಲಿ ಸರಿಯಾಗಿ ಕೇಳಿಸುತ್ತಿರುವ ಹಾಡು, ನನ್ನ ಕಣ್ಣಿಗೆ ಕಾಣದ ಮತ್ತೊಂದು ಕೋಣೆಯಲ್ಲಿ, ನಾನು ಆಯ್ದುಕೊಳ್ಳದ ಮತ್ತೊಂದು ಯಂತ್ರದಲ್ಲಿ ಅದೇ ಹಾಡಾಗಿ ಉಳಿಯುತ್ತದೆಯೇ? ನನ್ನ ಪ್ರಕಾರ ಮಾಸ್ಟರಿಂಗ್‌ನ ಉದ್ದೇಶವೆಂದರೆ ಇದು. ಮಗಳನ್ನು ಬೇರೆ ಊರಿಗೆ ಕಳುಹಿಸುವ ಮೊದಲು ಪೆಟ್ಟಿಗೆ ತೆರೆದು ಮತ್ತೊಮ್ಮೆ ನೋಡುವ ತಾಯಿಯ ಕೆಲಸ ಅದು. ಪೆಟ್ಟಿಗೆಯೊಳಗಿನ ಬಟ್ಟೆ ಹೊಲಿಯುವುದು ಆ ಹೊತ್ತಿನ ಕೆಲಸವಲ್ಲ.

ನಿಮ್ಮ ಕೋಣೆಯ ಅಳತೆ ಕೊಟ್ಟಿದ್ದು ಉಪಕಾರವಾಯಿತು. ಎದುರುಬದುರಾದ ಎರಡು ಗೋಡೆಗಳ ನಡುವೆ, ಅವುಗಳ ಅಂತರದ ಎರಡು ಪಟ್ಟು ಉದ್ದದ ಅಲೆ ಸಿಕ್ಕಿಬಿದ್ದು ನಿಂತುಬಿಡುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಹೋಗುತ್ತದೆಂದು ಲೆಕ್ಕ ಹಿಡಿದರೆ, 12 ಅಡಿಯ ಉದ್ದಕ್ಕೆ 47 ಹರ್ಟ್ಸ್, 10 ಅಡಿಯ ಅಗಲಕ್ಕೆ 56.5 ಹರ್ಟ್ಸ್ ಬರುತ್ತದೆ. ಅವುಗಳ ಇಮ್ಮಡಿಯಾದ 94 ಮತ್ತು 113 ಹರ್ಟ್ಸ್‌ನಲ್ಲೂ ಇದೇ ಕಥೆ. ಈ ಸ್ವರಗಳು ಕೋಣೆಯ ಕೆಲವು ಜಾಗಗಳಲ್ಲಿ ಗುಡ್ಡೆಯಾಗುತ್ತವೆ, ಕೆಲವು ಜಾಗಗಳಲ್ಲಿ ಮಾಯವಾಗುತ್ತವೆ. 47 ಹರ್ಟ್ಸ್ ಪೂರ್ಣವಾಗಿ ಮಾಯವಾಗುವ ಜಾಗ ಕೋಣೆಯ ಉದ್ದದ ನಟ್ಟನಡುವೆ. ಮಿಕ್ಸ್ ಮಾಡಿದವರ ಕುರ್ಚಿ ಅಲ್ಲೇ ಇದ್ದಿರಬೇಕೆಂದು ನಾನು ಊಹಿಸುತ್ತೇನೆ. ಏಕೆಂದರೆ ನಿಮ್ಮ ಮಿಕ್ಸ್‌ನಲ್ಲಿ ಕೀಬೋರ್ಡಿನ ಬೇಸ್ 47 ಹರ್ಟ್ಸ್‌ನ ಸುತ್ತ ಉಬ್ಬಿದೆ. ಅವರಿಗೆ ಅದು ಕೇಳಿಸಿಲ್ಲ, ಕೇಳಿಸದ್ದನ್ನು ಏರಿಸಿದ್ದಾರೆ. ಅದನ್ನು ಕಾರಿನಲ್ಲಿ ಹಾಕಿದರೆ ಬಾಗಿಲು ಗುಂಯ್‌ಗುಡುತ್ತದೆ, ಮೊಬೈಲಿನಲ್ಲಿ ಹಾಕಿದರೆ ಅದರ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಹೊರಡಿಸುವ ಶಕ್ತಿಯೇ ಇಲ್ಲದ ಕಾರಣ ಬೇಸ್ ಇದೆಯೆಂದೇ ತಿಳಿಯುವುದಿಲ್ಲ. ಇದರಲ್ಲಿ ಮಿಕ್ಸ್ ಮಾಡಿದವರ ಅಜ್ಞಾನವೇನೂ ಇಲ್ಲ. ಆ ಕುರ್ಚಿಯಲ್ಲಿ ನಾನು ಕುಳಿತಿದ್ದರೂ ಇದೇ ತಪ್ಪನ್ನು ಮಾಡುತ್ತಿದ್ದೆ.

ಹಾಗಾಗಿ ಮಾಸ್ಟರಿಂಗ್ ಬೇರೆ ಕೋಣೆಯಲ್ಲಿ, ಬೇರೆ ಕಿವಿಯಿಂದ ಆಗಬೇಕೆಂದು ಹೇಳುವುದು ಹೊಟ್ಟೆಪಾಡಿನ ಮಾತೆಂದು ದಯವಿಟ್ಟು ತಿಳಿಯಬೇಡಿ. ಅದೇ ಕೋಣೆಯಲ್ಲಿ ಅದೇ ವ್ಯಕ್ತಿ ಮಾಸ್ಟರಿಂಗ್ ಮಾಡಿದರೆ ಮೊದಲನೆಯ ಸಲ ಕೇಳಿಸದೇ ಹೋದದ್ದು ಎರಡನೆಯ ಸಲವೂ ಕೇಳಿಸುವುದಿಲ್ಲ. ಜೊತೆಗೆ ಒಂದು ಹಾಡನ್ನು ಮುನ್ನೂರು ಸಲ ಕೇಳಿದವರ ಕಿವಿ ಆ ಹಾಡಿನ ಕುಂದುಗಳಿಗೆ ಒಗ್ಗಿಹೋಗಿರುತ್ತದೆ. ಕೇಳುವ ಮಟ್ಟವೂ ಮೋಸ ಮಾಡುತ್ತದೆ. ಸದ್ದು ತಗ್ಗಿದಂತೆ ನಮ್ಮ ಕಿವಿಗೆ ಮಂದ್ರದ ಸ್ವರಗಳು ಉಳಿದವುಗಳಿಗಿಂತ ಬೇಗ ಕಾಣೆಯಾಗುತ್ತವೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ರಾತ್ರಿ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಮೆಲ್ಲಗೆ ಕೇಳುತ್ತ ಮಿಕ್ಸ್ ಮಾಡಿದವರು ಬೇಸ್ ಹೆಚ್ಚಿಸುವುದು ಇದೇ ಕಾರಣಕ್ಕೆ. ನಾನು ವಾಲ್ಯೂಮಿನ ಗುಂಡಿಗೆ ಒಂದು ಗುರುತು ಹಾಕಿಕೊಂಡಿದ್ದೇನೆ. ಕೆಲಸದ ಬಹುಪಾಲು ಆ ಗುರುತಿನಲ್ಲೇ ನಡೆಯುತ್ತದೆ.

ಈಗ ಸದ್ದಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ನಿಮ್ಮ ಮಾದರಿ ಮಾಸ್ಟರ್ ಕೆಟ್ಟಿರುವುದು ಅಲ್ಲೇ. 1982ರಲ್ಲಿ ಸಿಡಿ ಬಂದಾಗ ಗೆರೆ, ಮುಳ್ಳುಗಳ ಕಟ್ಟುಪಾಡು ಹೋಯಿತು. ಅದರ ಬದಲಿಗೆ ದಾಟಲಾಗದ ಒಂದು ಚಾವಣಿ ಬಂತು: ಸಂಖ್ಯೆಗಳಲ್ಲಿ ಬರೆಯಬಹುದಾದ ಗರಿಷ್ಠ ಸದ್ದು ಸೊನ್ನೆ ಡೆಸಿಬಲ್, ಅದರಾಚೆ ಏನೂ ಇಲ್ಲ. 1990ರ ದಶಕದಲ್ಲಿ ಮುಂದೆ ಬರುವ ಪೆಟ್ಟನ್ನು ಮೊದಲೇ ನೋಡಿ ಅದುಮುವ ಡಿಜಿಟಲ್ ಲಿಮಿಟರ್‌ಗಳು ಕೈಗೆ ಸಿಕ್ಕ ಮೇಲೆ, ಪೆಟ್ಟುಗಳನ್ನು ಕತ್ತರಿಸಿ ಉಳಿದುದೆಲ್ಲವನ್ನೂ ಚಾವಣಿಗೆ ಒತ್ತುವ ಪೈಪೋಟಿ ಶುರುವಾಯಿತು. ಪಕ್ಕದ ಹಾಡಿಗಿಂತ ನಮ್ಮ ಹಾಡು ರೇಡಿಯೋದಲ್ಲಿ, ಅಂಗಡಿಯಲ್ಲಿ ಜೋರಾಗಿರಲಿ ಎಂಬುದೊಂದೇ ಅದರ ತರ್ಕ. 2008ರಲ್ಲಿ ಮೆಟಾಲಿಕಾ ಎಂಬ ರಾಕ್ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ ಬಂದಾಗ ಅಭಿಮಾನಿಗಳೇ ಸಿಡಿದೆದ್ದರು, ಏಕೆಂದರೆ ಅದೇ ಹಾಡುಗಳು ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿನಲ್ಲಿ ಸಿಡಿಗಿಂತ ತಿಳಿಯಾಗಿ ಕೇಳಿಸುತ್ತಿದ್ದವು. ಅದರ ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸೆನ್, ತಮ್ಮ ಕೈಗೆ ಬರುವಾಗಲೇ ಮಿಕ್ಸ್‌ಗಳು ಅದುಮಿಹೋಗಿದ್ದವು ಎಂದು ತಿಳಿಸಿದರು. ಮಾಸ್ಟರಿಂಗ್ ಕೋಣೆಯ ಮೇಲೆ ಬರುವ ದೂರುಗಳಲ್ಲಿ ಇಂಥವು ಹಲವು ಇವೆಯೆಂದು ಇದೇ ವೃತ್ತಿಯವನಾಗಿ ಇಲ್ಲಿ ಸೇರಿಸಿಬಿಡುತ್ತೇನೆ.

ಆ ಪೈಪೋಟಿಗೆ ಇವತ್ತು ಅರ್ಥವೇ ಉಳಿದಿಲ್ಲ. ಕಿವಿಗೆ ಕೇಳಿಸುವ ಸದ್ದನ್ನು ಅಳೆಯುವ ಬಿಎಸ್ 1770 ಎಂಬ ಅಂತರರಾಷ್ಟ್ರೀಯ ಮಾನದಂಡ 2006ರಲ್ಲಿ ಬಂತು, ಯುರೋಪಿನ ಪ್ರಸಾರಕರು 2010ರಲ್ಲಿ ಅದನ್ನು ಆಧರಿಸಿ ಮೈನಸ್ 23ರ ಮಟ್ಟವನ್ನು ಒಪ್ಪಿಕೊಂಡರು, ಆಮೇಲೆ ಹಾಡುಗಳನ್ನು ಹರಿಸುವ ಸೇವೆಗಳೂ ಅದೇ ಅಳತೆಗೋಲನ್ನು ಹಿಡಿದವು. ಸ್ಪಾಟಿಫೈ ಸಾಮಾನ್ಯ ಹೊಂದಿಕೆಯಲ್ಲಿ ಎಲ್ಲ ಹಾಡುಗಳನ್ನೂ ಮೈನಸ್ 14ರ ಸಮೀಪಕ್ಕೆ ತರುತ್ತದೆ, ಆಪಲ್ ಮ್ಯೂಸಿಕ್‌ನ ಸೌಂಡ್ ಚೆಕ್ ಮೈನಸ್ 16ಕ್ಕೆ ತರುತ್ತದೆ, ಯೂಟ್ಯೂಬ್ ಹೆಚ್ಚಿದ್ದನ್ನು ಸುಮಾರು ಮೈನಸ್ 14ಕ್ಕೆ ಇಳಿಸುತ್ತದೆ. ಮೈನಸ್ 8ರ ನಿಮ್ಮ ಮಾದರಿಯನ್ನು ಅಲ್ಲಿಗೆ ಏರಿಸಿದ ಕೂಡಲೇ ಸ್ಪಾಟಿಫೈ ಅದನ್ನು 6 ಡೆಸಿಬಲ್ ಇಳಿಸಿ ನುಡಿಸುತ್ತದೆ. ಗಳಿಸಿದ ಜೋರು ಅಲ್ಲಿಗೆ ಹೋಯಿತು. ಅದಕ್ಕಾಗಿ ತೆತ್ತ ತಬಲಾದ ಮೊನೆ ಮಾತ್ರ ಹಿಂದಿರುಗಿ ಬರುವುದಿಲ್ಲ.

ಇನ್ನೊಂದು ತೊಂದರೆಯೂ ಅದರಲ್ಲಿದೆ. ನಿಮ್ಮ ಮಾಸ್ಟರ್‌ನ ಟ್ರೂ ಪೀಕ್, ಅಂದರೆ ಸಂಖ್ಯೆಗಳ ನಡುವೆ ಅಲೆ ನಿಜವಾಗಿ ಮುಟ್ಟುವ ಎತ್ತರ, ಸೊನ್ನೆಯನ್ನು ದಾಟಿ ಪ್ಲಸ್ 0.6 ಇದೆ. ಕೇಳುಗರಿಗೆ ತಲುಪುವ ಮೊದಲು ಫೈಲು ಎಎಸಿ ಅಥವಾ ಆಗ್ ವಾರ್ಬಿಸ್ ರೂಪಕ್ಕೆ ಕುಗ್ಗುವಾಗ ಈ ಎತ್ತರ ಇನ್ನಷ್ಟು ಏರುತ್ತದೆ, ಆಗ ಸಣ್ಣ ಬಿರುಕಿನಂತಹ ಸದ್ದು ಸೇರಿಕೊಳ್ಳುತ್ತದೆ. ಅದಕ್ಕಾಗಿ ಮೈನಸ್ 1ರಲ್ಲಿ ನಿಲ್ಲಿಸುವುದು ಈಗಿನ ರೂಢಿ.

ಹಾಗೆಂದು ಮೈನಸ್ 14 ಎಂಬ ಅಂಕಿಯನ್ನೇ ಗುರಿಯಾಗಿಟ್ಟು ಎಂಟೂ ಹಾಡುಗಳನ್ನು ಅಲ್ಲಿಗೆ ತಂದು ನಿಲ್ಲಿಸುವುದು ಮತ್ತೊಂದು ಬಗೆಯ ಸೋಮಾರಿತನ. ನಿಮ್ಮ ಆಲ್ಬಮ್ಮಿನಲ್ಲಿ ಕೊಳಲು, ಸಿತಾರ್, ತಬಲಾ, ಕೋರಸ್ ಎಲ್ಲ ಸೇರಿದ ಹಾಡುಗಳಿರಬಹುದು, ಬರಿಯ ತಂಬೂರಿ ಮತ್ತು ಹಾರ್ಮೋನಿಯಂ ಜೊತೆ ಹಾಡಿದ್ದೂ ಇರಬಹುದು. ಎರಡನ್ನೂ ಒಂದೇ ಅಂಕಿಗೆ ತಂದರೆ ಹಾರ್ಮೋನಿಯಂ ಹಾಡಿನಲ್ಲಿ ನಿಮ್ಮ ದನಿ ಕೋರಸ್ ಹಾಡಿನಲ್ಲಿರುವುದಕ್ಕಿಂತ ಎಷ್ಟೋ ದೊಡ್ಡದಾಗಿ, ಗಾಯಕಿ ಇದ್ದಕ್ಕಿದ್ದಂತೆ ಕೇಳುಗರ ಮೂಗಿನ ಮುಂದೆ ಬಂದು ನಿಂತಂತೆ ಆಗುತ್ತದೆ. ನಾನು ಹಾಡುಗಳ ನಡುವಿನ ಸದ್ದನ್ನು ಹೊಂದಿಸುವುದು ದನಿಯನ್ನು ಹಿಡಿದು: ಕೋರಸ್ ಹಾಡಿನಿಂದ ಮೆಲುಹಾಡಿಗೆ ಬಂದಾಗ ಗಾಯಕಿ ನಿಂತ ಜಾಗ ಬದಲಾಗಬಾರದು. ಅಂಕಿಗಳು ಆಮೇಲೆ ಎಲ್ಲಿ ಬೀಳುತ್ತವೋ ಬೀಳಲಿ. ಆಲ್ಬಮ್ಮನ್ನು ಇಡಿಯಾಗಿ ಕೇಳುವಾಗ ಸ್ಪಾಟಿಫೈ ಈ ಪರಸ್ಪರ ಅಂತರವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಒಂದು ಹಾಡಿಗೂ ಮುಂದಿನದಕ್ಕೂ ನಡುವೆ ಎಷ್ಟು ಮೌನವಿರಬೇಕು, ತಂಬೂರಿ ಎಷ್ಟು ಹೊತ್ತು ಮಿಡಿದು ಅಡಗಬೇಕು ಎಂಬುದೂ ಮಾಸ್ಟರಿಂಗ್‌ನಲ್ಲೇ ತೀರ್ಮಾನವಾಗುತ್ತದೆ. ಶ್ರುತಿ ಬದಲಾಗುವ ಎರಡು ಹಾಡುಗಳ ನಡುವೆ ನಾನು ಸ್ವಲ್ಪ ಹೆಚ್ಚು ಮೌನ ಬಿಡುತ್ತೇನೆ, ಹಿಂದಿನ ಷಡ್ಜ ಕಿವಿಯಿಂದ ಇಳಿಯಲೆಂದು. ಎಂಟು ತಿಂಗಳಲ್ಲಿ ಎಂಟು ಬಗೆಯಾಗಿ ತಯಾರಾದ ಹಾಡುಗಳು ಒಂದು ಆಲ್ಬಮ್ ಅನ್ನಿಸುವುದು ಈ ಹಂತದಲ್ಲಿ. ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಭಾಗವೂ ಇದೇ.

ಉಳಿದ ತಾಂತ್ರಿಕ ಕೆಲಸಗಳು ಸಣ್ಣವು, ತಪ್ಪಿದರೆ ಮಾತ್ರ ಗೊತ್ತಾಗುವಂಥವು. 24 ಬಿಟ್ಟಿನ ಫೈಲಿನಿಂದ ಸಿಡಿಯ 16 ಬಿಟ್ಟಿಗೆ ಇಳಿಯುವಾಗ 1.67 ಕೋಟಿಗೂ ಹೆಚ್ಚು ಮೆಟ್ಟಿಲುಗಳು 65,536ಕ್ಕೆ ಇಳಿಯುತ್ತವೆ. ತಂಬೂರಿ ಅಡಗುತ್ತ ಹೋಗುವ ಕೊನೆಯ ಕ್ಷಣದಲ್ಲಿ ಅದು ಕರಕರ ಎನ್ನದಂತೆ ಡಿದರ್ ಎಂಬ ಅತಿ ಮೆಲುವಾದ ಗೊಜಲುಸದ್ದನ್ನು ಬೇಕೆಂದೇ ಬೆರೆಸುತ್ತೇವೆ. ಆರಂಭದಲ್ಲಿ ಕ್ಲಿಕ್ ಇದೆಯೇ, ಕೊನೆ ಕತ್ತರಿಸಿಹೋಗಿದೆಯೇ, ಎಡ ಬಲಗಳನ್ನು ಒಂದೇ ಸ್ಪೀಕರಿಗೆ ಸೇರಿಸಿದರೆ ಕೊಳಲು ಕಾಣೆಯಾಗುತ್ತದೆಯೇ ಎಂದು ನೋಡುತ್ತೇವೆ. ಪ್ರತಿ ಹಾಡಿಗೂ ಅದನ್ನು ಗುರುತಿಸುವ 12 ಅಕ್ಷರಗಳ ಐಎಸ್‌ಆರ್‌ಸಿ ಸಂಕೇತವನ್ನು ಸೇರಿಸಿ, ಕವಿಯ, ಸ್ವರ ಸಂಯೋಜಕರ ಹೆಸರುಗಳ ಕಾಗುಣಿತ ಸರಿಯಿದೆಯೇ ಎಂದು ಪರಿಶೀಲಿಸುತ್ತೇವೆ.

ಮಾಸ್ಟರಿಂಗ್‌ನಿಂದ ಆಗದ್ದನ್ನೂ ಹೇಳಿಬಿಡಬೇಕು. ನಮ್ಮ ಕೈಗೆ ಬರುವುದು ಎಡ ಬಲ ಎಂಬ ಎರಡೇ ಎಳೆ. ಅದರೊಳಗೆ ಎಲ್ಲವೂ ಆಗಲೇ ಬೆರೆತಿರುತ್ತದೆ. ಸಾರಿಗೆ ಉಪ್ಪು ಹೆಚ್ಚಾದ ಮೇಲೆ ಉಪ್ಪನ್ನೇ ಆಯ್ದು ತೆಗೆಯಲಾಗದು. ದನಿಯನ್ನು ಏರಿಸಲು ಅದು ಬದುಕುವ ಭಾಗವನ್ನು ಈಕ್ಯೂನಲ್ಲಿ (ಬೇಸ್, ಟ್ರೆಬಲ್‌ಗಳಂಥ ಭಾಗಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನದಲ್ಲಿ) ಎತ್ತಿದರೆ ಹಾರ್ಮೋನಿಯಂ ಕೂಡ ಜೊತೆಗೇ ಏಳುತ್ತದೆ. ಆದ್ದರಿಂದ 47 ಹರ್ಟ್ಸ್‌ನ ಉಬ್ಬನ್ನು ಮಾಸ್ಟರಿಂಗ್‌ನಲ್ಲಿ ತಗ್ಗಿಸಬಹುದಾದರೂ, ಕೀಬೋರ್ಡ್ ಬೇಸ್ ಒಂದನ್ನೇ ಮಿಕ್ಸ್‌ನಲ್ಲಿ ತಗ್ಗಿಸಿ ಹೊಸ ಫೈಲು ತೆಗೆಯುವುದು ಮೇಲು. ಮಾಸ್ಟರಿಂಗ್ ಮಾಡುವವರು ಮಿಕ್ಸನ್ನು ಒಮ್ಮೆ ಹಿಂದಕ್ಕೆ ಕಳುಹಿಸಿದರೆ ಬೇಸರ ಪಡಬೇಡಿ. ಹಿಂದಕ್ಕೆ ಕಳುಹಿಸದೆ ಎಲ್ಲವನ್ನೂ ತಾವೇ ಸರಿಮಾಡುತ್ತೇವೆ ಎನ್ನುವವರ ಬಗ್ಗೆ ಎಚ್ಚರವಿರಲಿ.

ಫೈಲು ಹಾಕಿದರೆ ನಿಮಿಷಗಳಲ್ಲಿ ತಾನಾಗಿಯೇ ಮಾಸ್ಟರ್ ಮಾಡಿಕೊಡುವ ಜಾಲತಾಣಗಳು 2014ರಲ್ಲಿ ಲ್ಯಾಂಡರ್ ಆರಂಭವಾದ ಮೇಲೆ ಹೆಚ್ಚಿವೆ. ಹಾಡು ಹೇಗೆ ಬರುತ್ತಿದೆಯೆಂದು ಸ್ವರ ಸಂಯೋಜಕರಿಗೆ ತೋರಿಸಲು ಅವು ಸಾಕು. ಅಳೆಯುವುದರಲ್ಲಿ ಅವು ನಮಗಿಂತ ಹಿಂದಿಲ್ಲ. ಆದರೆ ಎಡೆಬಿಡದೆ ಮಿಡಿಯುವ ತಂಬೂರಿ ಹಾಡಿಗೆ ಆಧಾರವೋ ಅಥವಾ ತೆಗೆಯಬೇಕಾದ ಹಿನ್ನೆಲೆ ಸದ್ದೋ, ಎರಡನೆಯ ಚರಣದ ಮೊದಲು ನೀವು ದನಿಯನ್ನು ತಗ್ಗಿಸಿದ್ದು ಕವಿತೆಗಾಗಿಯೋ ಅಥವಾ ಮೈಕಿನಿಂದ ದೂರ ಸರಿದದ್ದರಿಂದಲೋ ಎಂಬುದು ಸಾಹಿತ್ಯ ಅರ್ಥವಾದವರಿಗೆ ಮಾತ್ರ ತಿಳಿಯುವ ವಿಷಯ.

3,000 ರೂಪಾಯಿ ಹೆಚ್ಚೋ ಕಡಿಮೆಯೋ ಎಂಬುದು ಅವರು ಮುಂದೆ ಏನು ಮಾಡುತ್ತಾರೆ ಎಂಬುದನ್ನು ಅವಲಂಬಿಸಿದೆ. ಅವರನ್ನು ಈಗಲೇ ಬಿಡಬೇಡಿ. ಬಹಳ ಗಿರಾಕಿಗಳು ಜೋರನ್ನೇ ಕೇಳುವುದರಿಂದ, ನೀವೂ ಅದನ್ನೇ ಬಯಸುತ್ತೀರೆಂದು ಅವರು ಭಾವಿಸಿರಬಹುದು. ಬೇಸ್ ತಿದ್ದಿದ ಮಿಕ್ಸನ್ನು 24 ಬಿಟ್ ವೇವ್ ಫೈಲಾಗಿ, ಮಾಸ್ಟರ್ ಚಾನೆಲ್ಲಿನ ಮೇಲೆ ಲಿಮಿಟರ್ ಇಲ್ಲದೆ, ಹಿಂದೆ ಮುಂದೆ ಎರಡೆರಡು ಸೆಕೆಂಡು ಬಿಟ್ಟು ಕಳುಹಿಸಿ. ಈ ಮಾದರಿ ಒಪ್ಪಿಗೆಯಾದ ಮೇಲೆ ಎಂಟೂ ಹಾಡುಗಳನ್ನು ಅನುಕ್ರಮ ಸಹಿತ ಒಟ್ಟಿಗೆ ಕೊಡಿ, ಒಂದೊಂದಾಗಿ ಕೊಡಬೇಡಿ. ತಬಲಾದ ಪೆಟ್ಟು ಉಳಿಯುವಷ್ಟು ಮಾತ್ರ ಸದ್ದು ಸಾಕು, ಟ್ರೂ ಪೀಕ್ ಮೈನಸ್ 1 ದಾಟಬಾರದು ಎಂದು ಬರೆದು ತಿಳಿಸಿ. ಹೊಸ ಮಾಸ್ಟರ್ ಬಂದ ಮೇಲೆ ಮಿಕ್ಸ್‌ನ ಮಟ್ಟಕ್ಕೆ ಇಳಿಸಿ, ಮೊದಲು ಎರಡನೆಯ ಚರಣದ ಆ ಸಕಾರದ ಸಾಲನ್ನು, ಆಮೇಲೆ ಪಲ್ಲವಿಯ ಕೊನೆಯ ಉಸಿರಿನ ಜಾಗವನ್ನು ಕೇಳಿ. ತಂಬೂರಿ ತನ್ನ ಜಾಗದಲ್ಲೇ ಕುಳಿತಿದ್ದರೆ ಉಳಿದ ಏಳು ಹಾಡುಗಳನ್ನೂ ಅವರಿಗೇ ಒಪ್ಪಿಸಿ.